ನೋವಿನ ಔಷಧಿ ಬದಲಾಯಿಸಿದಾಗ ಮನೆಯವರ ಕೈಗೊಂದು ಕನ್ನಡದ ಚೀಟಿ ಕೊಡಿ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ನೋವಿಗೆ ಮಾರ್ಫಿನ್ ತಗೊಳ್ಳೋಕೆ ಹೆದರಬೇಡಿ ಅಂತ ನಿಮ್ಮ ಪೇಪರ್‌ನಲ್ಲಿ ಬಂದಿದ್ದ ಲೇಖನ ಓದಿದೆ, ತುಂಬಾ ಖುಷಿ ಆಯ್ತು. 2014ರಲ್ಲಿ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ಆದ್ಮೇಲೆ ಆಸ್ಪತ್ರೆಗಳು ಮಾರ್ಫಿನ್ ಇಟ್ಕೊಳ್ಳೋಕೆ ಹಲವು ಲೈಸೆನ್ಸಿಗೆ ಅಲೀಬೇಕಿಲ್ಲ, ಆದ್ರೂ ಎಷ್ಟೋ ಊರಲ್ಲಿ ಇನ್ನೂ ಸಿಗಲ್ಲ, ಅದನ್ನ ನೀವು ಬರೆದಿದ್ದು ಒಳ್ಳೇದೇ ಆಯ್ತು. ಆದ್ರೆ ಔಷಧಿ ಸಿಕ್ಕ ಮೇಲೆ ಏನಾಗತ್ತೆ ಅನ್ನೋದನ್ನ ಯಾರೂ ಬರೀತಿಲ್ಲ. ನಾನು ದಾವಣಗೆರೆ ಸುತ್ತಮುತ್ತ ಮನೆಮನೆಗೆ ಹೋಗಿ ಇಂಥ ಪೇಷಂಟ್‌ಗಳನ್ನ ನೋಡ್ಕೊಳ್ಳೋ ನರ್ಸ್. ಒಂದು ನೋವಿನ ಔಷಧಿ ಬಿಟ್ಟು ಇನ್ನೊಂದಕ್ಕೆ ಹೋಗೋ ಆ ಎರಡು ಮೂರು ದಿನ ಇದ್ಯಲ್ಲ, ನನಗೆ ಜಾಸ್ತಿ ಭಯ ಆಗೋದು ಅದಕ್ಕೇನೇ.

ಬದಲಾಯಿಸೋದು ತಪ್ಪಲ್ಲ, ಎಷ್ಟೋ ಸಲ ಬದಲಾಯಿಸಲೇಬೇಕು. ಕಿಡ್ನಿ ಕೈಕೊಟ್ರೆ ಮಾರ್ಫಿನ್ ಕರಗಿದ ಮೇಲೆ ಉಳಿಯೋ ಅಂಶ ಮೈಯಿಂದ ಹೊರಗೆ ಹೋಗದೆ ತುಂಬ್ಕೊಳ್ಳತ್ತೆ, ಪೇಷಂಟ್ ಯಾವಾಗ್ಲೂ ಮಂಪರಲ್ಲಿ ಇರ್ತಾರೆ, ಕೈಕಾಲು ಇದ್ದಕ್ಕಿದ್ದಂಗೆ ಎಗರತ್ತೆ. ನಮ್ಮ ಕಡೆ ಗುಟ್ಕಾ, ತಂಬಾಕಿಂದ ಬಾಯಿ, ಗಂಟಲ ಕ್ಯಾನ್ಸರ್ ಜಾಸ್ತಿ, ಅವರಿಗೆ ನುಂಗೋಕೇ ಆಗಲ್ಲ, ಆಗ ಚರ್ಮಕ್ಕೆ ಅಂಟಿಸೋ ಫೆಂಟನಿಲ್ ಪ್ಯಾಚ್ ಕೊಡ್ತಾರೆ, ಫೆಂಟನಿಲ್ ಕೂಡ ಮಾರ್ಫಿನ್ ತರದ್ದೇ ಜೋರು ನೋವಿನ ಔಷಧಿ.

ನಾನು ಕಣ್ಣಾರೆ ಕಂಡಿದ್ದು ಒಂದು ಹೇಳ್ತೀನಿ. ಗಂಟಲ ಕ್ಯಾನ್ಸರ್ ಇದ್ದ ಒಬ್ಬರು ಅಜ್ಜ, ನಾಲ್ಕು ಗಂಟೆಗೊಂದು 10 ಮಿಲಿಗ್ರಾಂ ಮಾರ್ಫಿನ್ ಮಾತ್ರೆ ತಗೊಳ್ತಿದ್ರು, ಆಸ್ಪತ್ರೇಲಿ ಗಂಟೆಗೆ 25 ಮೈಕ್ರೋಗ್ರಾಂ ಔಷಧಿ ಬಿಡೋ ಪ್ಯಾಚ್ ಹಾಕಿ ಮನೆಗೆ ಕಳಿಸಿದ್ರು. ಲೆಕ್ಕ ಸರಿಯಾಗೇ ಇತ್ತು, ಹನ್ನೆರಡು ಗಂಟೆ ಆದ್ಮೇಲೆ ಮಾತ್ರೆ ನಿಲ್ಲಿಸಿ ಅಂತ ಡಿಸ್ಚಾರ್ಜ್ ಸಮ್ಮರೀಲಿ ಇಂಗ್ಲಿಷ್‌ನಲ್ಲಿ ಬರೆದೂ ಇತ್ತು. ಮನೇಲಿ ಅದನ್ನ ಓದೋರೇ ಇಲ್ಲ. ಸೊಸೆ ಪಾಪ ಮೊಬೈಲಲ್ಲಿ ಅಲಾರಂ ಇಟ್ಕೊಂಡು ರಾತ್ರಿ ಎದ್ದೆದ್ದು ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಕುಡಿಸ್ತಿದ್ಲು, ಅದರ ಮೇಲೆ ಎದೆ ನೋವು ಅಂದ್ರು ಅಂತ ಪ್ಯಾಚ್ ಇದ್ದ ಜಾಗಕ್ಕೇ ಬಿಸಿನೀರಿನ ಬ್ಯಾಗ್ ಇಟ್ಟು ಕಾವು ಕೊಟ್ಟಿದಾರೆ. ಕಾವು ತಾಗಿದ್ರೆ ಪ್ಯಾಚಿಂದ ಔಷಧಿ ಜಾಸ್ತಿ ಮೈಗೆ ಹೋಗತ್ತೆ, ಜೋರು ಜ್ವರ ಬಂದ್ರೂ ಅಷ್ಟೇ. ನಾನು ಹೋದಾಗ "ಮಾವ ನಿನ್ನೆಯಿಂದ ಚೆನ್ನಾಗಿ ನಿದ್ದೆ ಮಾಡ್ತಿದಾರೆ ಸಿಸ್ಟರ್, ನೋವು ಕಮ್ಮಿ ಆಗಿರ್ಬೇಕು" ಅಂದ್ಲು. ಅಲ್ಲಾಡಿಸಿದ್ರೂ ಕಣ್ಣು ಬಿಡ್ತಿಲ್ಲ, ರೆಪ್ಪೆ ಎತ್ತಿ ನೋಡಿದ್ರೆ ಕಣ್ಣಿನ ಪಾಪೆ ಸೂಜಿಮೊನೆ ಅಷ್ಟಾಗಿದೆ, ವಾಚ್ ಹಿಡ್ಕೊಂಡು ಎಣಿಸಿದ್ರೆ ನಿಮಿಷಕ್ಕೆ ಎಂಟು ಉಸಿರು. ಪ್ಯಾಚ್ ಕಿತ್ತು ಆಂಬುಲೆನ್ಸಲ್ಲಿ ಕಳಿಸಿದ್ವಿ, ಇಂಥ ಔಷಧಿಯ ಪ್ರಭಾವ ಇಳಿಸೋ ನಲಾಕ್ಸೋನ್ ಕೊಟ್ಟು ಉಳಿಸಿದ್ರು. ಪ್ಯಾಚ್ ಕಿತ್ತ ತಕ್ಷಣ ಎಲ್ಲ ಮುಗಿಯಲ್ಲ, ಚರ್ಮದ ಕೆಳಗೆ ಉಳಿದ ಔಷಧಿ ಒಂದು ದಿನ, ಕೆಲವು ಸಲ ಅದಕ್ಕೂ ಜಾಸ್ತಿ ಹೊತ್ತು ಮೈಗೆ ಇಳೀತಾನೇ ಇರತ್ತೆ, ಹಾಗಾಗಿ ಅಲ್ಲೇ ಇಟ್ಕೊಂಡು ನೋಡ್ಬೇಕು.

ಇದರ ಉಲ್ಟಾನೂ ನೋಡಿದೀನಿ. ಪ್ಯಾಚ್ ಅಂಟಿಸಿದ್ರಲ್ಲ ಅಂತ ಮಾತ್ರೆ ಆಗ್ಲೇ ನಿಲ್ಲಿಸಿಬಿಡ್ತಾರೆ, ಪ್ಯಾಚ್ ಕೆಲಸ ಶುರು ಮಾಡೋಕೇ ಹನ್ನೆರಡು ಗಂಟೆ ಮೇಲೆ ಬೇಕು, ಆ ರಾತ್ರಿಯೆಲ್ಲಾ ಪೇಷಂಟ್ ನರಳಾಟ. ಬೆಳಿಗ್ಗೆ ಪ್ಯಾಚ್ ಉಪಯೋಗ ಇಲ್ಲ ಅಂತ ಇನ್ನೊಂದು ಅಂಟಿಸಿದ್ರೆ ಮಾರನೇ ದಿನ ಅಪಾಯ.

ಡಾಕ್ಟರ್‌ಗಳಲ್ಲೂ ಒಂದು ಕಳಕಳಿಯ ಮಾತು. ದಿನಕ್ಕೆ 60ರಿಂದ 134 ಮಿಲಿಗ್ರಾಂ ತನಕ ಮಾರ್ಫಿನ್ ತಗೊಳ್ಳೋರು ಯಾರೇ ಆದ್ರೂ 25ರ ಪ್ಯಾಚಿಂದ ಶುರು ಮಾಡಿ ಅಂತ ಪ್ಯಾಚ್ ಕಂಪನಿಯವರು ಕೊಡೋ ಡೋಸ್ ಟೇಬಲ್ ಹೇಳತ್ತೆ, ಬೇಕಂತಲೇ ಕಮ್ಮಿ ಇಟ್ಟಿರೋದು ಅದು. ಅದೇ ಟೇಬಲನ್ನ ತಿರುಗಿಸಿ ಪ್ಯಾಚಿಂದ ಮಾರ್ಫಿನ್‌ಗೆ ಬಂದ್ರೆ 60 ಸಾಕಾಗೋರಿಗೆ 134 ಹೋಗಿಬಿಡಬಹುದು. ಒಂದು ಔಷಧಿಗೆ ಒಗ್ಗಿದ ಮೈ ಇನ್ನೊಂದಕ್ಕೆ ಅಷ್ಟೇ ಒಗ್ಗಿರಲ್ಲ, ಅದಕ್ಕೇ ಸಾಮಾನ್ಯವಾಗಿ ಲೆಕ್ಕಕ್ಕೆ ಬಂದ ಡೋಸಲ್ಲಿ ಕಾಲು ಭಾಗದಿಂದ ಅರ್ಧದ ತನಕ ಕಡಿಮೆ ಮಾಡಿ ಶುರು ಮಾಡೋದು. ಮೆಥಡೋನ್ ಅನ್ನೋ ಇನ್ನೊಂದು ಜೋರು ನೋವಿನ ಔಷಧಿ ಅಂತೂ ಈ ಲೆಕ್ಕಕ್ಕೇ ಸಿಗಲ್ಲ, ಎರಡನೇ ದಿನ ಚೆನ್ನಾಗಿ ಮಾತಾಡ್ತಿದ್ದೋರು ಐದನೇ ದಿನ ಏಳದೇ ಇರಬಹುದು, ಮೈಯಲ್ಲಿ ನಿಧಾನಕ್ಕೆ ಶೇಖರ ಆಗತ್ತೆ. ಅದನ್ನ ಪಳಗಿದವರೇ ಕೊಡ್ಬೇಕು.

ಓದುಗರು ಇದನ್ನ ನೋಡಿ ಗಾಬರಿಯಾಗಿ ಮಾತ್ರೆ ನಿಲ್ಲಿಸೋದಾಗ್ಲಿ, ಮನೇಲೇ ಲೆಕ್ಕ ಹಾಕಿ ಬದಲಾಯಿಸೋದಾಗ್ಲಿ ದಯವಿಟ್ಟು ಮಾಡ್ಬೇಡಿ. ಸರಿಯಾಗಿ ಕೊಟ್ರೆ ಇವು ದೊಡ್ಡ ಉಪಕಾರ ಮಾಡೋ ಔಷಧಿಗಳು, ನೋವಲ್ಲಿ ಮಲಗಿದ್ದೋರು ಎದ್ದು ಕೂತು ಮೊಮ್ಮಕ್ಕಳ ಜೊತೆ ಊಟ ಮಾಡಿದ್ದನ್ನ ದಿನಾ ನೋಡ್ತೀನಿ.

ಆರೋಗ್ಯ ಇಲಾಖೆಗೂ ಆಸ್ಪತ್ರೆಗಳಿಗೂ ನಾನು ಕೇಳೋದು ಇಷ್ಟೇ. ನೋವಿನ ಔಷಧಿ ಬದಲಾಯಿಸಿದ ದಿನ ಮನೆಯವರ ಕೈಗೆ ದೊಡ್ಡ ಅಕ್ಷರದಲ್ಲಿ ಒಂದು ಕನ್ನಡದ ಚೀಟಿ ಕೊಡಿ. ಹಳೇ ಮಾತ್ರೆ ಕೊನೇ ಸಲ ಯಾವ ತಾರೀಖು ಎಷ್ಟು ಗಂಟೆಗೆ, ಹೊಸದು ಯಾವಾಗಿಂದ, ಪ್ಯಾಚ್ ಆದ್ರೆ 72 ಗಂಟೆ ಆದ್ಮೇಲೆ ಹಳೇದು ಕಿತ್ತು ಇನ್ನೊಂದು ಜಾಗಕ್ಕೆ ಹಾಕ್ಬೇಕು, ಕತ್ತರಿಸಬಾರದು, ಕಾವು ಕೊಡಬಾರದು, ಮಧ್ಯ ನೋವು ಎದ್ರೆ ಎಷ್ಟು ಕೊಡ್ಬೇಕು, ಕೂಗಿದ್ರೂ ಏಳದಿದ್ರೆ ಅಥವಾ ಉಸಿರು ತೀರಾ ನಿಧಾನ ಆದ್ರೆ 108ಕ್ಕೆ ಫೋನ್ ಮಾಡಿ ಅಂತ ಅದರಲ್ಲಿ ಇರಲಿ. ರಾತ್ರಿ ಎತ್ತೋ ಒಂದು ಫೋನ್ ನಂಬರ್ ಇರಲಿ. ಮಿಕ್ಕಿದ ಹಳೇ ಮಾತ್ರೆ ಆವತ್ತೇ ವಾಪಸ್ ತಗೊಳ್ಳಿ, ಮನೇಲಿ ಸ್ಟೀಲ್ ಡಬ್ಬೀಲಿ ಇದ್ರೆ ಯಾರೋ ಒಬ್ಬರು ಕೊಟ್ಟೇ ಕೊಡ್ತಾರೆ. ಮಾರನೇ ದಿನ ಯಾರಾದ್ರೂ ಫೋನ್ ಮಾಡಿ "ಅಜ್ಜ ಎದ್ರಾ, ಮಾತಾಡಿದ್ರಾ" ಅಂತ ಕೇಳಿ, ಎರಡು ನಿಮಿಷದ ಕೆಲಸ ಅದು. ನಾವು ಕೈಬರಹದಲ್ಲಿ ಮಾಡ್ಕೊಂಡಿರೋ ಚೀಟಿಯ ನಮೂನೆ ಇದೆ, ಯಾವ ಆಸ್ಪತ್ರೆಯವರು ಕೇಳಿದ್ರೂ ಜೆರಾಕ್ಸ್ ಮಾಡಿ ಕೊಡ್ತೀವಿ.

— ಹೋಮ್ ಕೇರ್ ನರ್ಸ್, ದಾವಣಗೆರೆ