ಪುರಿಯ ಅಕ್ಕನಿಗೆ, ಜೊತೆಗೆ ನಿಮ್ಮೆಲ್ಲರಿಗೆ

ಕಳೆದ ವಾರ ಅಮ್ಮ ಯಾರ ಕೈಯನ್ನೂ ಹಿಡಿಯದೆ ನಮ್ಮ ಬೀದಿಯ ಕೊನೆಯವರೆಗೆ ನಡೆದು ಬಂದಳು. ಇನ್ನು ಆಗಾಗ ತೋರಿಸಿಕೊಂಡು ಹೋದರೆ ಸಾಕು ಎಂದು ವೈದ್ಯರು ಹೇಳಿದ್ದಾರೆ. ಪುರಿಯಲ್ಲಿ ಏನಾಯಿತೆಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ಯಾರಿಂದಾಗಿ ಅಮ್ಮ ನಮಗೆ ಉಳಿದಳು ಎಂಬುದನ್ನು ಮಾತ್ರ ಬರೆಯಲೇಬೇಕು.

ರಥಯಾತ್ರೆ ನೋಡಬೇಕೆಂಬುದು ಅವಳ ಬಹುಕಾಲದ ಆಸೆ. 2019ರ ಮೇ 3ರಂದು ಫೋನಿ ಚಂಡಮಾರುತ ಪುರಿಯ ಬಳಿಯೇ ದಡಕ್ಕೆ ಅಪ್ಪಳಿಸಿದಾಗ ಈ ವರ್ಷ ಬೇಡವೆಂದು ನೀವೆಲ್ಲ ಹೇಳಿದಿರಿ. ಆದರೆ ರಥಗಳ ಕೆಲಸ ಶುರುವಾಗುವ ಅಕ್ಷಯ ತೃತೀಯ ಬಂದದ್ದು ಗಾಳಿ ಹೋದ ನಾಲ್ಕನೆಯ ದಿನಕ್ಕೆ. ಅಂಥ ಊರಿನಲ್ಲೇ ಜುಲೈ 4ಕ್ಕೆ ರಥ ಹೊರಡುತ್ತದೆಂದರೆ ನಾನೇಕೆ ಹೋಗಬಾರದು ಎಂದಳು ಅಮ್ಮ. ಹೋದೆವು. ಕೊನಾರ್ಕಿನ ದಾರಿಯುದ್ದಕ್ಕೂ ಬಾಲುಖಂಡ ಅಭಯಾರಣ್ಯದ ಗಾಳಿಮರಗಳೂ ಗೇರುಮರಗಳೂ ಬುಡಮೇಲಾಗಿ ಬಿದ್ದಿದ್ದವು. ಸುಳಿ ಮುರಿದ ತೆಂಗಿನ ಮರಗಳು ಬರಿಯ ಕಂಬಗಳಾಗಿ ನಿಂತಿದ್ದವು. ಮೀನುಗಾರರ ಕೇರಿಯಾದ ಪೆಂಠಾಕಟಾದಲ್ಲಿ ಎಷ್ಟೋ ಮನೆಗಳಿಗೆ ಪ್ಲಾಸ್ಟಿಕ್ ಹಾಳೆಯೇ ಚಾವಣಿ.

ಆ ಕೇರಿಯವರು ಅಕ್ಕ. ನಾವು ಇಳಿದುಕೊಂಡಿದ್ದ ವಸತಿಗೃಹದಲ್ಲಿ ಅಡುಗೆ ಮಾಡುತ್ತಿದ್ದರು. ಅವರ ಅಜ್ಜ ಅಜ್ಜಿ ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದವರು, ಹಾಗಾಗಿ ಮನೆಮಾತು ತೆಲುಗು. ನನ್ನ ಅರೆಬರೆ ತೆಲುಗು ಅವರೊಂದಿಗೆ ಮಾತಾಡಲು ಸಾಕಾಯಿತು. ರಥ ಹೊರಡುವ ಮೊದಲೇ ಆ ರಾತ್ರಿ ಬಂತು. ಅಮ್ಮ ಕುಸಿದಾಗ ಓಡಿ ಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವರು ಅಕ್ಕ. ಹಬ್ಬದ ಜನಜಂಗುಳಿಯಲ್ಲಿ ಗಾಡಿಗೆ ದಾರಿ ಬಿಡಿಸಲು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವರೂ ಅವರೇ.

ಆಸ್ಪತ್ರೆ ಸೇರಿದ ಮೇಲೆ ನಡುರಾತ್ರಿ ಮಳೆ ಸುರಿಯತೊಡಗಿತು. ಅವರ ಮನೆಯಲ್ಲಿ ವಯಸ್ಸಾದ ಅತ್ತೆ, ಇಬ್ಬರು ಮಕ್ಕಳು, ತಲೆಯ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ. ನೀವು ಹೋಗಿ ಅಕ್ಕಾ, ನಾನಿದ್ದೇನೆ ಎಂದೆ. ಅವರು ಕಿಟಕಿಯ ಬಳಿ ಹೋಗಿ ಕೈ ಹೊರಚಾಚಿ ನಿಂತರು. "ಬರೀ ಮಳೆ, ಗಾಳಿಯಿಲ್ಲ. ಮಳೆಯನ್ನು ಹಾಳೆ ತಡೆಯುತ್ತದೆ" ಎಂದು ಹೇಳಿ ಬಂದು ಮತ್ತೆ ಅಮ್ಮನ ಕಾಲ ಬಳಿ ಕುಳಿತರು. ಆಮೇಲೂ ಹಲವು ಸಲ ಎದ್ದು ಕಿಟಕಿಗೆ ಹೋಗಿ ಬಂದರು.

ನನಗೆ ನಿದ್ದೆ ಬಾರದಿದ್ದುದನ್ನು ಕಂಡು ಮೇ 3ರ ಬೆಳಗನ್ನು ಹೇಳತೊಡಗಿದರು. ಹಿಂದಿನ ದಿನವೇ ಸ್ವಯಂಸೇವಕರು ಬಾಗಿಲಿಗೆ ಬಂದು ಎಲ್ಲರನ್ನೂ ಆಶ್ರಯತಾಣಕ್ಕೆ ಹೊರಡಿಸಿದ್ದರಂತೆ. ಒಡಿಶಾದಲ್ಲಿ ಆಗ ಹೀಗೆ 10 ಲಕ್ಷಕ್ಕೂ ಹೆಚ್ಚು ಜನ ಸ್ಥಳಾಂತರಗೊಂಡಿದ್ದರು. ಗಾಳಿ ಬೊಬ್ಬಿರಿದು ಬೊಬ್ಬಿರಿದು ಒಮ್ಮೆಲೇ ನಿಂತಿತು. ಮನೆ ಏನಾಯಿತೋ ನೋಡಿ ಬರೋಣವೆಂದು ಕೆಲವರು ಎದ್ದಾಗ ಆ ಸ್ವಯಂಸೇವಕ ಹುಡುಗರು ಬಾಗಿಲಿಗೆ ಅಡ್ಡ ನಿಂತು ಬಿಡಲಿಲ್ಲ. ಅದು ಚಂಡಮಾರುತದ ಕಣ್ಣು ತಲೆಯ ಮೇಲೆ ಹಾದುಹೋಗುವ ಹೊತ್ತು. ಸ್ವಲ್ಪದರಲ್ಲೇ ಗಾಳಿ ಎದುರು ದಿಕ್ಕಿನಿಂದ ತಿರುಗಿ ಬಂತು. ಅರ್ಧ ಮುರಿದದ್ದನ್ನು ಪೂರ್ತಿ ಕೆಡವಿದ್ದು ಆ ಎರಡನೆಯ ಗಾಳಿಯೇ ಎಂದರು ಅಕ್ಕ. ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡ 1999ರ ಮಹಾ ಚಂಡಮಾರುತದ ಕಾಲಕ್ಕೆ ಅವರು ಇನ್ನೂ ಹುಡುಗಿ. ಆಗ ಹೀಗೆ ಬಾಗಿಲಿಗೆ ಬಂದು ಎಬ್ಬಿಸುವವರು ಇರಲಿಲ್ಲವಂತೆ. "ನಿನ್ನ ಅಮ್ಮನಿಗೂ ಈಗ ಗಾಳಿ ನಿಂತಂತೆ ಕಾಣುತ್ತದೆ. ಬೆಳಗಾಗುವವರೆಗೆ ನಾವು ಕದಲುವುದು ಬೇಡ" ಎಂದರು.

ಅಮ್ಮನಿಗೆ ಎರಡನೆಯ ಸಲ ಹಾಗಾದದ್ದು ಬೆಳಗಿನ ಜಾವಕ್ಕೆ. ಆ ಹೊತ್ತಿಗೆ ನಾನೊಬ್ಬಳೇ ಇದ್ದಿದ್ದರೆ, ಕಣ್ಣಿಗೆ ಜೊಂಪು ಹತ್ತಿದ್ದರೆ... ಈ ಸಾಲನ್ನು ಇಲ್ಲಿಗೇ ಬಿಡುತ್ತೇನೆ. ಅಕ್ಕ ಎಚ್ಚರವಿದ್ದರು. ದಾದಿಯನ್ನು ಕರೆತಂದದ್ದೂ ಅವರೇ.

ಮರುದಿನವೇ ವಿಮಾನ ಹಿಡಿದು ಬಂದ ತಮ್ಮ, ಹಬ್ಬದ ಗದ್ದಲದಲ್ಲೂ ಕೈಬಿಡದ ವೈದ್ಯರು ಮತ್ತು ದಾದಿಯರು, ಬಾಡಿಗೆ ಕೇಳದೆ ಕೋಣೆ ಬಿಟ್ಟುಕೊಟ್ಟ ವಸತಿಗೃಹದವರು, ನನ್ನ ಕೆಲಸವನ್ನು ಹಂಚಿಕೊಂಡ ಸಹೋದ್ಯೋಗಿಗಳು, ಸರದಿಯಲ್ಲಿ ಊಟ ತಂದುಕೊಟ್ಟ ನೆರೆಯವರು, ನಿಮಗೆಲ್ಲ ನಾನು ಋಣಿ.

ಈಗ ಆ ಕಡೆಗೆ ಹೋಗುವುದು ಸರಿಯೇ ಎಂದು ಕೆಲವರು ಕೇಳಿದ್ದೀರಿ. ದಯವಿಟ್ಟು ಹೋಗಿ. ಸಣ್ಣ ವಸತಿಗೃಹದಲ್ಲಿ ಇಳಿದುಕೊಳ್ಳಿ, ದಡದಲ್ಲಿ ಮಾರುವವರ ಬಳಿ ಕೊಳ್ಳಿ. ಬಿದ್ದ ಮನೆಗಳ ಮುಂದೆ ನಿಂತು ಫೋಟೊ ತೆಗೆಯಬೇಡಿ. ಯಾತ್ರಿಕರು ಬಾರದಿದ್ದರೆ ಅಕ್ಕನಂಥವರಿಗೆ ಅಡುಗೆಮನೆಯ ಕೆಲಸವೂ ಇರುವುದಿಲ್ಲ.

ಚಾವಣಿಗೆ ನಾವು ಹಣ ಕಳುಹಿಸುತ್ತೇವೆ ಎಂದಾಗ ಅಕ್ಕ ಬೇಡವೆನ್ನಲಿಲ್ಲ. ಎಷ್ಟು ಶೀಟು, ಎಷ್ಟು ಕೊಕ್ಕೆ, ಕೂಲಿ ಎಷ್ಟು ಎಂದು ನೇರವಾಗಿ ಲೆಕ್ಕ ಹೇಳಿದರು. ಆ ನೇರ ಮಾತಿಗೂ ನಾನು ಕೃತಜ್ಞಳು. ಅಮ್ಮ ಈಗ ಭಾನುವಾರಗಳಂದು ಅವರಿಗೆ ಫೋನ್ ಮಾಡುತ್ತಾಳೆ. ಇವಳು ಕನ್ನಡದಲ್ಲಿ, ಅವರು ತೆಲುಗಿನಲ್ಲಿ. ಮುಂದಿನ ರಥಯಾತ್ರೆಗೆ ತಮ್ಮ ಮನೆಯಲ್ಲೇ ಇಳಿಯಬೇಕೆಂದು ಅವರು ಕರೆದಿದ್ದಾರೆ, ಅಮ್ಮ ಒಪ್ಪಿಯೂ ಆಗಿದೆ.