ಹಳೆಯ ವಾಯ್ಸ್‌ಮೇಲ್ ಯಂತ್ರಗಳ ಅಡ್ಮಿನ್ ಪಾಸ್‌ವರ್ಡ್: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ಇಪಿಎಬಿಎಕ್ಸ್ (ಕಚೇರಿಯೊಳಗಿನ ಟೆಲಿಫೋನ್ ಎಕ್ಸ್‌ಚೇಂಜ್) ಜೊತೆಗಿರುವ ಹಳೆಯ ವಾಯ್ಸ್‌ಮೇಲ್ ಯಂತ್ರಗಳ ಅಡ್ಮಿನ್ ಪಾಸ್‌ವರ್ಡ್ ಕಳೆದುಹೋದಾಗ ಅದನ್ನು ಸರಿಪಡಿಸಿಕೊಡುವ ಕೆಲಸವನ್ನು ಮುಂದಿನ ತಿಂಗಳಿನಿಂದ ಬರೀ ಫೋನ್ ಕರೆಯ ಆಧಾರದ ಮೇಲೆ ಮಾಡುವುದಿಲ್ಲ. ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಸಹಿ, ಮೊಹರು ಇರುವ ಪತ್ರ ಬೇಕು. ಜೊತೆಗೆ ಯಂತ್ರದ ಖರೀದಿ ಬಿಲ್ಲು ಅಥವಾ ನಮ್ಮೊಂದಿಗೆ ಮಾಡಿಕೊಂಡ ವಾರ್ಷಿಕ ನಿರ್ವಹಣಾ ಒಪ್ಪಂದದ ಪ್ರತಿ ಬೇಕು. ಇವು ಕೈಸೇರಿದ ಮೇಲೆಯೇ ನಮ್ಮ ತಂತ್ರಜ್ಞರು ಹೊರಡುತ್ತಾರೆ.

"ಇಷ್ಟು ವರ್ಷದಿಂದ ಬಂದು ಹೋಗುವವರು ನಮ್ಮನ್ನೇ ಗುರುತು ಕೇಳುತ್ತೀರಾ?" ಎಂದು ಕೆಲವರಿಗೆ ಬೇಸರವಾಗಬಹುದು. ಆದರೆ ಅಡ್ಮಿನ್ ಪಾಸ್‌ವರ್ಡ್ ಕೈಗೆ ಸಿಕ್ಕವರು ಯಾವ ಎಕ್ಸ್‌ಟೆನ್ಶನ್ನಿನ ಗುಪ್ತಸಂಖ್ಯೆಯನ್ನಾದರೂ ಬದಲಿಸಿ, ಅಲ್ಲಿರುವ ಸಂದೇಶಗಳನ್ನು ಕೇಳಬಲ್ಲರು. ಇನ್ನೂ ದುಬಾರಿಯಾದ ಅಪಾಯ ಬೇರೆಯೇ ಇದೆ. ಯಾವುದಾದರೂ ಮೇಲ್‌ಬಾಕ್ಸಿನಿಂದ ಹೊರಗಿನ ಸಂಖ್ಯೆಗೆ ಕರೆ ವರ್ಗಾಯಿಸುವ ಸೌಲಭ್ಯ ತೆರೆದಿಟ್ಟರೆ ಸಾಕು, ಸಾಲು ರಜೆಯ ರಾತ್ರಿಗಳಲ್ಲಿ ಯಾರೋ ನಿಮ್ಮ ಲೈನಿನಿಂದ ಐಎಸ್‌ಡಿ ಕರೆ ಮಾಡಿಕೊಳ್ಳುತ್ತಾರೆ. ನಿಮಗೆ ತಿಳಿಯುವುದು ಬಿಲ್ಲು ಬಂದಾಗ. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೋಗುವುದನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ತಡೆಯುತ್ತದೆ. ಕೆಲಸ ಬಿಟ್ಟುಹೋದ ನೌಕರರೊಬ್ಬರು ಹಳೆಯ ಸಲುಗೆಯಿಂದ ಫೋನ್ ಮಾಡಿ ಕೇಳಿದರೆ, ಧ್ವನಿ ಪರಿಚಯವಿದೆ ಎಂದು ಬೀಗ ತೆಗೆದುಕೊಡಲು ನಮಗೆ ಹಕ್ಕಿಲ್ಲ.

ಎರಡನೆಯ ಬದಲಾವಣೆ ಕೆಲಸದ ರೀತಿಯದು. ಡಿಸ್ಕ್ ಇರುವ ಯಂತ್ರಗಳಲ್ಲಿ ಪಾಸ್‌ವರ್ಡಿಗೆ ಕೈಹಾಕುವ ಮುನ್ನ ಡಿಸ್ಕಿನ ಪೂರ್ತಿ ನಕಲು ತೆಗೆದಿಡುತ್ತೇವೆ. ಇದಕ್ಕೆ ಸುಮಾರು ಅರ್ಧ ದಿನ ಹೆಚ್ಚು ಹಿಡಿಯುತ್ತದೆ, ಶುಲ್ಕವೂ ಪ್ರತ್ಯೇಕ. ಮೊದಲಾದರೆ ತಯಾರಕರನ್ನು ಕೇಳಬಹುದಿತ್ತು. ಈಗ ಕೇಳಲು ಯಾರಿದ್ದಾರೆ? ವಾಯ್ಸ್‌ಮೇಲ್ ಯಂತ್ರ ತಯಾರಿಸುತ್ತಿದ್ದ ಆಕ್ಟೆಲ್ ಕಂಪನಿ 1997ರಲ್ಲಿ ಲೂಸೆಂಟ್ ಕಂಪನಿಯ ಪಾಲಾಯಿತು, 2000ದಲ್ಲಿ ಲೂಸೆಂಟ್‌ನಿಂದ ಅವಾಯಾ ಬೇರೆಯಾಯಿತು. ಇನ್ನೊಂದು ತಯಾರಕ ಕಂಪನಿ ನಾರ್ಟೆಲ್ 2009ರಲ್ಲಿ ದಿವಾಳಿಯಾದಾಗ ಅದರ ಕಚೇರಿ ದೂರವಾಣಿ ವ್ಯವಹಾರವನ್ನೂ ಅವಾಯಾ ಕೊಂಡಿತು. ಹೀಗೆ ಕೈ ಬದಲಾದಂತೆ ಹಳೆಯ ಮಾದರಿಗಳನ್ನು ಬಲ್ಲವರು ಚದುರಿಹೋದರು.

ಉಳಿಯುವುದು ಕೆಲವೇ ದಾರಿ. ಯಂತ್ರದ ಸೀರಿಯಲ್ ಪೋರ್ಟಿಗೆ (ಹಳೆಯ ಬಗೆಯ ಕೇಬಲ್ ಕಿಂಡಿ) ಲ್ಯಾಪ್‌ಟಾಪ್ ಜೋಡಿಸಿ ಒಳಹೋಗಲು ಕೆಲವು ಮಾದರಿಗಳಲ್ಲಿ ಸಾಧ್ಯ. ಅದಾಗದಿದ್ದರೆ ಫ್ಯಾಕ್ಟರಿ ರೀಸೆಟ್, ಅಂದರೆ ಯಂತ್ರವನ್ನು ಹೊಸದಾಗಿ ಬಂದಾಗಿನ ಸ್ಥಿತಿಗೆ ಮರಳಿಸುವುದು. ಬಹಳಷ್ಟು ಯಂತ್ರಗಳಲ್ಲಿ ಅದು ಪಾಸ್‌ವರ್ಡಿನ ಜೊತೆಗೆ ಮೇಲ್‌ಬಾಕ್ಸ್, ಸಂದೇಶ, ಸ್ವಾಗತದ ಧ್ವನಿ ಎಲ್ಲವನ್ನೂ ಗುಡಿಸಿಹಾಕುತ್ತದೆ. "ಕನ್ನಡಕ್ಕಾಗಿ ಒಂದನ್ನು ಒತ್ತಿ" ಎಂದು ಎಂದೋ ರೆಕಾರ್ಡ್ ಮಾಡಿಕೊಟ್ಟ ಸ್ವಾಗತಕಾರಿಣಿ ಎಷ್ಟೋ ಕಡೆ ನಿವೃತ್ತರಾಗಿದ್ದಾರೆ. ನಕಲು ಇದ್ದರೆ ಆ ಧ್ವನಿಯೂ ಉಳಿಯುತ್ತದೆ.

ದಯವಿಟ್ಟು ಗಮನಿಸಿ: ನಾವು ಬರುವವರೆಗೆ ಯಂತ್ರವನ್ನು ಆಫ್ ಮಾಡಬೇಡಿ. "ಒಮ್ಮೆ ಆಫ್ ಮಾಡಿ ಆನ್ ಮಾಡೋಣ" ಎಂಬ ಮದ್ದು ಮೊಬೈಲಿಗೆ ಸರಿ. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಡಿಸ್ಕ್ ಒಮ್ಮೆ ತಣ್ಣಗಾಯಿತೆಂದರೆ ಮತ್ತೆ ತಿರುಗದೇ ಇರಬಹುದು. ಒಳಗಿನ ಚಪ್ಪಟೆ ಬ್ಯಾಟರಿ ಸತ್ತಿದ್ದರೆ ಯಂತ್ರ ತನ್ನಲ್ಲಿ ಯಾವ ಡಿಸ್ಕ್ ಇದೆ ಎಂಬುದನ್ನೇ ಮರೆತು ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ. ಧೂಳನ್ನೂ ನೀವೇ ಊದಬೇಡಿ.

ಕೆಲಸ ಮುಗಿದ ಮೇಲೆ ಹೊಸ ಪಾಸ್‌ವರ್ಡನ್ನು ಪತ್ರಕ್ಕೆ ಸಹಿ ಮಾಡಿದವರಿಗೇ ಮುಚ್ಚಿದ ಲಕೋಟೆಯಲ್ಲಿ ಕೊಡುತ್ತೇವೆ. ನಮ್ಮಲ್ಲಿ ಪ್ರತಿ ಇರುವುದಿಲ್ಲ. ಡಿಸ್ಕಿನ ನಕಲೂ ನಿಮ್ಮದೇ, ಬೀರುವಿನಲ್ಲಿಡಿ. ದೂರದಿಂದ ಸರ್ವಿಸ್ ಮಾಡಲೆಂದು ಹಾಕಿದ್ದ ಮೋಡೆಮ್ ಲೈನನ್ನು ಕಳಚಿಡುತ್ತೇವೆ. ಬೇಕಾದ ದಿನ ನೀವೇ ಚುಚ್ಚಿದರೆ ಸಾಕು.

ಯಂತ್ರವನ್ನೇ ಬದಲಿಸಿ ಎಂದು ನಾವು ಬೆನ್ನು ಹತ್ತುವುದಿಲ್ಲ. ಗುಜರಿಯಲ್ಲಾದರೂ ಬಿಡಿಭಾಗ ಸಿಗುವವರೆಗೆ ರಿಪೇರಿ ಮಾಡುತ್ತೇವೆ, ಸಿಗದ ದಿನ ನೇರವಾಗಿ ಹೇಳುತ್ತೇವೆ. ಪತ್ರದ ನಮೂನೆಯನ್ನು ಇದರೊಂದಿಗೆ ಲಗತ್ತಿಸಿದ್ದೇವೆ. ಯಂತ್ರದ ಹಿಂಬದಿಯ ಸ್ಟಿಕ್ಕರಿನಲ್ಲಿರುವ ಮಾದರಿ ಮತ್ತು ಸೀರಿಯಲ್ ಸಂಖ್ಯೆಯ ಫೋಟೊವನ್ನೂ ಕಳುಹಿಸಿದರೆ ಸರಿಯಾದ ಕೇಬಲ್ ಹಿಡಿದೇ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ಸರ್ವಿಸ್ ವಿಭಾಗ