ಒಂದೇ ತಪ್ಪಿಗೆ ಟಿಸಿ ಕೊಡುವುದನ್ನು ನಿಲ್ಲಿಸಿ: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ, ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿಯೊಬ್ಬಳ ನಮಸ್ಕಾರಗಳು.

‘ಟಿಸಿ ಕೊಟ್ಟು ಕಳಿಸುತ್ತೇನೆ’ ಎಂದು ಮಕ್ಕಳನ್ನು ಗದರಿಸುವುದು ನಮ್ಮ ಶಾಲೆಗಳಿಗೆ ಹೊಸದಲ್ಲ. ಆದರೆ ಈಗ ಕೆಲವೆಡೆ ಆ ಗದರಿಕೆಯೇ ನಿಯಮವಾಗಿಬಿಟ್ಟಿದೆ. ಮೊಬೈಲ್ ಸಿಕ್ಕಿತೇ, ಟಿಸಿ. ಹೊಡೆದಾಟವೇ, ಟಿಸಿ. ಮೊದಲ ಸಲವೋ ಹತ್ತನೆಯ ಸಲವೋ, ಹೊಡೆದವನೋ ತಪ್ಪಿಸಿಕೊಳ್ಳಲು ಕೈ ಎತ್ತಿದವನೋ ಎಂದು ಯಾರೂ ಕೇಳುವುದಿಲ್ಲ.

ಇದು ನಡೆಯುವ ಬಗೆ ತಮಗೆ ತಿಳಿದಿರಲಿ. ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ, ಆ ದಿನದ ಸಂಬಳ ಕಳೆದುಕೊಂಡು ತಾಯಿ ಬಂದು ನಿಲ್ಲುತ್ತಾಳೆ. ‘ಇದೊಂದು ಸಲ ಬಿಟ್ಟುಬಿಡಿ ಸಾರ್’ ಎನ್ನುತ್ತಾಳೆ. ಅಷ್ಟರಲ್ಲಿ ಮೇಜಿನ ಮೇಲೆ ಅವಳ ಹೆಸರಿನಲ್ಲೇ ಒಂದು ಅರ್ಜಿ ಸಿದ್ಧವಾಗಿರುತ್ತದೆ: ‘ನನ್ನ ಸ್ವಂತ ಇಚ್ಛೆಯಿಂದ ಮಗನ ವರ್ಗಾವಣೆ ಪತ್ರ ಪಡೆಯುತ್ತಿದ್ದೇನೆ.’ ಅವಳು ಸಹಿ ಹಾಕುತ್ತಾಳೆ. ಹೊರಹಾಕಿದ್ದು ಯಾವ ಕಡತದಲ್ಲೂ ಉಳಿಯುವುದಿಲ್ಲ, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೂ ಗೊತ್ತಾಗುವುದಿಲ್ಲ. ವರ್ಷದ ನಡುವೆ ಬಂದ ಹುಡುಗನನ್ನು ಪಕ್ಕದ ಶಾಲೆಯವರು ಅನುಮಾನದಿಂದಲೇ ನೋಡುತ್ತಾರೆ. ಹುಡುಗಿಯಾದರಂತೂ ಮನೆಯವರು ಗಂಡು ಹುಡುಕತೊಡಗುತ್ತಾರೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಅನುತ್ತೀರ್ಣಗೊಳಿಸಲು ಅವಕಾಶ ಕೊಟ್ಟರೂ ಈ ರಕ್ಷಣೆಯನ್ನು ಮುಟ್ಟಲಿಲ್ಲ. ಆದರೆ ಅದು ಎಂಟಕ್ಕೇ ಮುಗಿಯುತ್ತದೆ. ಮೀಸೆ ಚಿಗುರುವ, ಗೆಳೆಯರ ಮಾತೇ ವೇದವಾಗುವ ಒಂಬತ್ತು, ಹತ್ತನೇ ತರಗತಿಯ ಮಕ್ಕಳ ನೆರವಿಗೆ ಈ ಕಾನೂನು ಬರುವುದಿಲ್ಲ.

ಶಿಸ್ತು ಬೇಡ ಎನ್ನುತ್ತಿಲ್ಲ. ಸಹಪಾಠಿಯ ಫೋಟೊ ತೆಗೆದು ಹಂಚುವವನನ್ನು ಸುಮ್ಮನೆ ಬಿಡಲಾಗದು. ಅದೇ ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಆದರೆ ಬೆತ್ತ ಕೆಳಗಿಟ್ಟ ಶಿಕ್ಷಕರಿಗೆ ಇಲಾಖೆ ಬೇರೆ ದಾರಿ ತೋರಿಸಲಿಲ್ಲ. ನಮ್ಮ ಶಾಲೆಯಲ್ಲಿ ಆಪ್ತ ಸಮಾಲೋಚಕರಿಲ್ಲ. ಉಳಿದದ್ದು ಟಿಸಿ ಪುಸ್ತಕ.

ಅಮೆರಿಕ ಈ ದಾರಿಯನ್ನು ತುಳಿದು ನೋಡಿದೆ. ಬಂದೂಕು ತಂದ ವಿದ್ಯಾರ್ಥಿಯನ್ನು ಒಂದು ವರ್ಷ ಹೊರಗಿಡಬೇಕೆಂದು 1994ರಲ್ಲಿ ಅಲ್ಲಿ ಕಾನೂನು ಬಂತು. ಆ ಬಿಗಿ ಜಗಳ, ಸಿಗರೇಟು, ಎದುರುತ್ತರದವರೆಗೂ ಹಬ್ಬಿತು. ಇದರಿಂದ ಶಾಲೆಗಳು ಸುರಕ್ಷಿತವಾದವು ಎನ್ನಲು ಪುರಾವೆಯಿಲ್ಲ ಎಂದು ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘದ ಕಾರ್ಯಪಡೆ 2008ರಲ್ಲೇ ಹೇಳಿತು. ಟೆಕ್ಸಾಸ್‌ನ ಸುಮಾರು ಹತ್ತು ಲಕ್ಷ ಮಕ್ಕಳ ದಾಖಲೆ ನೋಡಿದ 2011ರ ಅಧ್ಯಯನದಲ್ಲಿ, ಏಳರಿಂದ ಹನ್ನೆರಡನೇ ತರಗತಿಯೊಳಗೆ ಹೆಚ್ಚುಕಡಿಮೆ ಶೇ 60ರಷ್ಟು ಮಕ್ಕಳು ಒಮ್ಮೆಯಾದರೂ ಅಮಾನತಾಗಿದ್ದರು ಇಲ್ಲವೇ ಹೊರಬಿದ್ದಿದ್ದರು. ಅಂಥ ಸ್ಥಿತಿ ನಮಗೆ ಬೇಡ.

ನಮ್ಮದೇ ಬಾಲನ್ಯಾಯ ಕಾಯ್ದೆ, ಕಳ್ಳತನ ಮಾಡಿ ಸಿಕ್ಕಿಬಿದ್ದ ಬಾಲಕನಿಗೂ ಆ ಕಳಂಕ ಮುಂದೆ ಅಂಟಬಾರದು ಎನ್ನುತ್ತದೆ. ಮೊಬೈಲ್ ತಂದವನ ಮೇಲೆ ಶಾಲೆಗೆ ಅದಕ್ಕಿಂತ ಹೆಚ್ಚಿನ ಸಿಟ್ಟೇಕೆ?

ತಾವು ಒಂದು ಸುತ್ತೋಲೆ ಹೊರಡಿಸಬೇಕು. ಹತ್ತನೇ ತರಗತಿ ಮುಗಿಯುವವರೆಗೆ, ಮಗುವಿನ ಮತ್ತು ಪೋಷಕರ ಮಾತನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಎದುರು ಕೇಳಿ ದಾಖಲಿಸದೆ, ಬಿಇಒ ಲಿಖಿತ ಒಪ್ಪಿಗೆ ಇಲ್ಲದೆ ಶಿಸ್ತಿನ ಹೆಸರಿನಲ್ಲಿ ಟಿಸಿ ಕೊಡಕೂಡದು. ‘ಸ್ವಂತ ಇಚ್ಛೆ’ಯ ಅರ್ಜಿ ಬಂದಲ್ಲಿ ಬಿಇಒ ಕಚೇರಿಯವರು ಪೋಷಕರನ್ನು ನೇರವಾಗಿ ಮಾತನಾಡಿಸಬೇಕು. ಹೋಬಳಿಗೊಬ್ಬರಾದರೂ ಆಪ್ತ ಸಮಾಲೋಚಕರನ್ನು ನೇಮಿಸಿ. ಮುಂದಿನ ದಾಖಲಾತಿ ಶುರುವಾಗುವ ಮೊದಲೇ ಇದು ಜಾರಿಯಾಗಲಿ.

ಇಂತಿ,
ಪ್ರೌಢಶಾಲಾ ಶಿಕ್ಷಕಿ